ಕೈಮರದ ಕಟ್ಟಳೆ

ಉಗರಗೋಳಕ್ಕೆ ರೇಲು ಬಂದಿಲ್ಲ, ಸವದತ್ತಿಗೂ ಬಂದಿಲ್ಲ. ಬನದ ಹುಣ್ಣಿವೆಗೂ ಭರತ ಹುಣ್ಣಿವೆಗೂ ಎಲ್ಲಮ್ಮನ ಗುಡ್ಡಕ್ಕೆ ನೆರೆಯುವ ಯಾತ್ರಿಕರಲ್ಲಿ ರೇಲಿನಿಂದ ಬರುವವರು ಧಾರವಾಡದಲ್ಲಿಯೋ ಬೆಳಗಾವಿಯಲ್ಲಿಯೋ ಇಳಿದು ಉಳಿದ ಹಾದಿಯನ್ನು ಮೋಟಾರಿನಿಂದ ಕ್ರಮಿಸಬೇಕಾಗುವದು. ಹೀಗಿದ್ದರೂ ರೇಲಿನ ಎರಡು ಮಾತುಗಳು ರೇಲಿಗಿಂತ ಮುಂಚೆಯೇ ನಮ್ಮ ಸೀಮೆಯನ್ನು ಮುಟ್ಟಿವೆ. ತಡೆದು ನಿಂತ ಕೆಲಸಕ್ಕೆ ಒಪ್ಪಿಗೆ ದೊರೆತರೆ ‘ಲೈನ್‌ಕ್ಲಿಯರ್ ಸಿಕ್ಕಿತು’ ಎಂದು ಅಕ್ಷರವರಿಯದವರೂ ಅನ್ನುವದುಂಟು. ಹಾದಿಗಳು ಕೂಡುವಲ್ಲಿ ಊರುಗಳ ದಿಕ್ಕನ್ನು ತೋರಿಸುವ ಕಂಬಕ್ಕೆ ಕೈಮರವೆನ್ನುವಂತೆ, ರೇಲಿನ ಹಾದಿಯ ಸಿಗ್ನಲ್ಲಿಗೂ ಕೈಮರವೆಂಬ ಚೆಲುವಾದ ಹೆಸರನ್ನು ಕನ್ನಡಿಗರು ಇಟ್ಟುಕೊಂಡರು. ಆದರೆ ಈ ಎರಡು ಮಾತುಗಳ ಹಿಂದೆ ಎಷ್ಟು ವಿಚಾರವಿದೆ, ಎಷ್ಟು ದುಃಖವಿದೆ ಎಂಬದು ಅನೇಕರಿಗೆ ತಿಳಿಯದು. ಒಂದು ಗಾಡಿಯು ಸ್ಟೇಶನ್ನಿನ ಪ್ಲ್ಯಾಟ್‌ಫಾರ್ಮಿಗೆ ಬಂದು ನಿಲ್ಲುವ ಕಟ್ಟಳೆಗಳು ಹೇಗೆ ಹುಟ್ಟಿದವು, ಅವುಗಳ ತತ್ವವೇನು ಎಂಬದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಮೊದಲು ನಮ್ಮ ಪ್ರಾಂತದ ಸಂಗತಿಯನ್ನು ನೋಡೋಣ. ಧಾತು ಮತ್ತು ಈಶ್ವರ ಸಂವತ್ಸರಗಳ, ಅಂದರೆ ಕ್ರಿ. ಶ. ೧೮೭೬–೭೮ರ ಘೋರ ಬರಗಾಲದಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳು ಬೆಂದುಹೋದವು. ಬೇರೆ ಕಡೆಯಲ್ಲಿ ಧಾನ್ಯವಿದ್ದರೂ ಅದನ್ನು ಹೊತ್ತು ತರುವ ಎತ್ತುಗಳಿಗೆ ಹಾದಿಯಲ್ಲಿ ಮೇವು ನೀರುಗಳಿರಲಿಲ್ಲ. ಬರದ ವಿಚಾರಣೆಗಾಗಿ ನೇಮಿಸಲ್ಪಟ್ಟ ಆಯೋಗವು ೧೮೮೦ರಲ್ಲಿ ತನ್ನ ಅಭಿಪ್ರಾಯವನ್ನು ಕೊಟ್ಟಾಗ ರೇಲಿನ ಹಾದಿಗಳನ್ನು ಬೆಳೆಸಬೇಕೆಂದು ಒತ್ತಿ ಹೇಳಿತು. ೧೮೮೨ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಸ್ಥಾಪಿತವಾಯಿತು. ಅದೇ ದಶಕದಲ್ಲಿ ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾ, ಬೆಳಗಾವಿಗಳನ್ನು ಅದರ ಹಳಿಗಳು ಕೂಡಿಸಿದವು. ಆ ಕಂಪನಿಯ ಮುಖ್ಯ ಕಚೇರಿಯು ಧಾರವಾಡದಲ್ಲಿದ್ದಿತು. ಮುಂದೆ ಕರ್ನಾಟಕ ಕಾಲೇಜು ನೆಲೆಗೊಂಡ ಭವ್ಯವಾದ ಕಟ್ಟಡವೇ ಅದು. ೧೯೦೮ರಲ್ಲಿ ಈ ಕಂಪನಿಯು ಮದ್ರಾಸು ರೇಲ್ವೆಯೊಡನೆ ಕೂಡಿಕೊಂಡಿತು. ೧೯೫೧ರಲ್ಲಿ ಅದೆಲ್ಲವೂ ದಕ್ಷಿಣ ರೇಲ್ವೆಯಲ್ಲಿ ಸೇರಿತು. ೨೦೦೩ರಲ್ಲಿ ಹುಬ್ಬಳ್ಳಿಯೇ ನೈಋತ್ಯ ರೇಲ್ವೆಯ ರಾಜಧಾನಿಯಾಯಿತು.

ಬರವನ್ನು ಎದುರಿಸುವ ಸಲುವಾಗಿ ಬೇಗನೆ, ಕಡಿಮೆ ವೆಚ್ಚದಲ್ಲಿ ಹಾಕಿದ ಹಾದಿಯಾದ್ದರಿಂದ ಅದು ಮೀಟರ್‌ಗೇಜಿನ ಒಂಟಿಹಳಿಯಾಗಿತ್ತು. ಒಂಟಿಹಳಿಯೆಂಬ ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನದೆಲ್ಲವೂ ಇದರ ಮೇಲೆ ನಿಂತಿದೆ. ಎದುರುಬದುರಾಗಿ ಬರುವ ಎರಡು ಚಕ್ಕಡಿಗಳು ಇಕ್ಕಟ್ಟಾದ ಹಾದಿಯಲ್ಲಿ ಕೂಡಿದರೆ ಒಂದು ಹೊಲಕ್ಕೆ ಇಳಿದು ಇನ್ನೊಂದಕ್ಕೆ ಎಡೆಗೊಡುವದು. ರೇಲಿನ ಗಾಡಿಗೆ ಆ ಉಪಾಯವಿಲ್ಲ. ಅದು ಹಳಿಯನ್ನು ಬಿಡುವಂತಿಲ್ಲ. ಕಬ್ಬಿಣದ ಮೇಲೆ ಕಬ್ಬಿಣ ಉರುಳುವದರಿಂದ ಬ್ರೇಕು ಹಾಕಿದೊಡನೆ ನಿಲ್ಲುವಂತೆಯೂ ಇಲ್ಲ. ಆದಕಾರಣ ಎದುರಿನಿಂದ ಬರುವ ಗಾಡಿಗಳು ಒಂದನ್ನೊಂದು ದಾಟುವ ಸ್ಥಳವೆಂದರೆ ಸ್ಟೇಶನ್ನು ಮಾತ್ರ. ನಮಗೆ ಸ್ಟೇಶನ್ನೆಂದರೆ ಹತ್ತುವ ಇಳಿಯುವ ತಾಣ. ಅದನ್ನು ಕಟ್ಟಿದವರಿಗೆ ಅದು ಮೊದಲು ಗಾಡಿಗಳು ಪರಸ್ಪರ ಹಾದಿಗೊಡುವ ತಾಣ. ಅಲ್ಲಿ ಒಂದು ಗಾಡಿಯು ಬಂದು ನಿಂತಿರುವಾಗಲೇ ಇನ್ನೊಂದು ಬರಬೇಕಾಗಿರುವದರಿಂದ, ಅತ್ಯಂತ ನಿರ್ಭಯವೆಂದು ನಾವು ತಿಳಿದ ಪ್ಲ್ಯಾಟ್‌ಫಾರ್ಮೇ ಅತ್ಯಂತ ಎಚ್ಚರ ಬೇಕಾದ ಸ್ಥಳವಾಯಿತು.

ರೇಲು ಹುಟ್ಟಿದ ಇಂಗ್ಲಂಡದಲ್ಲಿ ಮೊದಲು ಕೈಮರವಿರಲಿಲ್ಲ. ಹಾದಿಯ ಪಕ್ಕದಲ್ಲಿ ಪೋಲೀಸಿನವನೊಬ್ಬನು ನಿಂತು ಕೈಸನ್ನೆಯಿಂದಲೂ ನಿಶಾನೆಯಿಂದಲೂ ಗಾಡಿಗಳನ್ನು ತಡೆಯುತ್ತಿದ್ದನು ಅಥವಾ ಬಿಡುತ್ತಿದ್ದನು. ಫ್ರಾನ್ಸದಲ್ಲಿ ಗುಡ್ಡದಿಂದ ಗುಡ್ಡಕ್ಕೆ ಸುದ್ದಿಯನ್ನು ಕಳಿಸುವದಕ್ಕಾಗಿ ತೋಳುಗಳುಳ್ಳ ಕಂಬಗಳನ್ನು ನಿಲ್ಲಿಸುವ ಪದ್ಧತಿಯಿದ್ದಿತು. ಅದನ್ನೇ ಅನುಸರಿಸಿ ಚಾರ್ಲ್ಸ್ ಹಟನ್ ಗ್ರೆಗರಿ ಎಂಬ ಇಂಜಿನಿಯರನು ೧೮೪೧ರ ಸುಮಾರಿಗೆ ಲಂಡನ್ನಿನ ಸಮೀಪದ ನ್ಯೂ ಕ್ರಾಸ್ ಎಂಬಲ್ಲಿ ರೇಲಿಗಾಗಿ ಮೊದಲನೆಯ ಕೈಮರವನ್ನು ನೆಟ್ಟನು. ತೋಳು ಅಡ್ಡವಾಗಿದ್ದರೆ ನಿಲ್ಲು, ಇಳಿದಿದ್ದರೆ ಸಾಗು.

ಆದರೆ ತೋಳನ್ನು ಯಾವಾಗ ಇಳಿಸಬೇಕು? ಆ ಕಾಲದಲ್ಲಿ ಇದಕ್ಕೆ ಗಡಿಯಾರವೇ ಉತ್ತರವಾಗಿತ್ತು. ಒಂದು ಗಾಡಿ ಹೊರಟು ಇಂತಿಷ್ಟು ನಿಮಿಷಗಳಾದ ಮೇಲೆ ಇನ್ನೊಂದನ್ನು ಬಿಡುವದು. ಮುಂದಿನ ಗಾಡಿಯು ನಡುದಾರಿಯಲ್ಲಿ ಕೆಟ್ಟು ನಿಂತಿದ್ದರೆ ಗಡಿಯಾರಕ್ಕೆ ಅದು ಹೇಗೆ ತಿಳಿಯಬೇಕು? ಅದಲ್ಲದೆ ಕೆಲವು ಕಂಪನಿಗಳಲ್ಲಿ ಕೈಮರಗಳು ಯಾವಾಗಲೂ ಇಳಿದೇ ಇರುತ್ತಿದ್ದವು. ಅಪಾಯವಿದ್ದಾಗ ಮಾತ್ರ ಅವನ್ನು ಎತ್ತುತ್ತಿದ್ದರು. ಹಾದಿ ತೆರವೆಂಬದು ಸಾಮಾನ್ಯ, ಅಪಾಯವೆಂಬದು ವಿಶೇಷ ಎಂದು ಅವರ ಎಣಿಕೆ.

ಈ ಎಣಿಕೆಯನ್ನು ತಲೆಕೆಳಗು ಮಾಡಿದ್ದು ಒಂದು ಹಿಮದ ರಾತ್ರಿ. ೧೮೭೬ನೆಯ ಇಸವಿ ಜನೇವರಿ ೨೧ರಂದು ಇಂಗ್ಲಂಡದ ಆ್ಯಬಟ್ಸ್ ರಿಪ್ಟನ್ ಎಂಬಲ್ಲಿ, ಹಿಂದಿನಿಂದ ಬರುವ ಎಕ್ಸ್‌ಪ್ರೆಸ್ಸಿಗೆ ಹಾದಿ ಬಿಡಬೇಕೆಂದು ಕಲ್ಲಿದ್ದಲಿನ ಗಾಡಿಯೊಂದನ್ನು ಪಕ್ಕದ ಹಳಿಗೆ ಸರಿಸುತ್ತಿದ್ದರು. ಸಿಗ್ನಲ್ಲಿನವನು ತನ್ನ ಸನ್ನೆಗೋಲನ್ನು ಅಪಾಯದ ಕಡೆಗೆ ಎಳೆದಿದ್ದನು. ಆದರೆ ಹಿಮವು ಹೆಪ್ಪುಗಟ್ಟಿದ್ದರಿಂದ ತೋಳು ಇಳಿದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡಿತ್ತು. ಹಾದಿ ತೆರವೆಂದು ನಂಬಿ ಬಂದ ಎಕ್ಸ್‌ಪ್ರೆಸ್ಸು ಕಲ್ಲಿದ್ದಲಿನ ಗಾಡಿಗೆ ಬಡಿಯಿತು. ಕೆಲವು ನಿಮಿಷಗಳಲ್ಲಿ ಎದುರಿನ ಹಳಿಯಿಂದ ಬಂದ ಮತ್ತೊಂದು ಎಕ್ಸ್‌ಪ್ರೆಸ್ಸು ಆ ಅವಶೇಷಗಳ ಮೇಲೆ ನುಗ್ಗಿತು. ಇದಾದ ತರುವಾಯ ಕೈಮರದ ಸಹಜಸ್ಥಿತಿಯು ಅಪಾಯವೇ ಆಗಿರಬೇಕೆಂಬ ನಿಯಮವು ನೆಲೆಗೊಂಡಿತು. ತಂತಿ ಹರಿದರೂ, ಯಾರು ಮರೆತರೂ, ತೋಳು ತಾನಾಗಿಯೇ ಅಡ್ಡವಾಗಿ ನಿಲ್ಲುವಂತೆ ಭಾರವನ್ನು ತೂಗಿ ಕಟ್ಟತಕ್ಕದ್ದು. ಮೊದಲು ಬಿಳಿಯ ದೀಪವೇ ಸಾಗುವ ಗುರುತಾಗಿತ್ತು. ಕೆಂಪು ಗಾಜು ಒಡೆದರೆ ಒಳಗಿನ ದೀಪ ಬೆಳ್ಳಗೆ ಕಂಡು ‘ಸಾಗು’ ಎಂದು ಸುಳ್ಳು ಹೇಳುವದೆಂದು ಕಂಡುಕೊಂಡು, ಬಿಳಿಯದನ್ನು ಬಿಟ್ಟು ಹಸುರನ್ನು ಸ್ವೀಕರಿಸಿದರು.

ವ್ಯಾಕರಣವನ್ನು ಓದಿದ ವಾಚಕರಿಗೆ ಈ ತತ್ವವು ಕೂಡಲೆ ಮನಸ್ಸಿಗೆ ಹತ್ತುವದು. ಪಾಣಿನಿಯ ಶಾಸ್ತ್ರದಲ್ಲಿ ಉತ್ಸರ್ಗವೆಂದರೆ ಸಾಮಾನ್ಯವಿಧಿ, ಅಪವಾದವೆಂದರೆ ವಿಶೇಷವಿಧಿ. ಅಪವಾದವಿಲ್ಲದಲ್ಲೆಲ್ಲ ಉತ್ಸರ್ಗವೇ ನಡೆಯುವದು. ರೇಲಿನ ಶಾಸ್ತ್ರದಲ್ಲಿ ‘ನಿಲ್ಲು’ ಎಂಬದು ಉತ್ಸರ್ಗ, ‘ಬಾ’ ಎಂಬದು ಅಪವಾದ. ಇನ್ನೊಂದು ಭೇದವೂ ಇದೆ. ವ್ಯಾಕರಣದಲ್ಲಿ ಹಿಂದಿನ ಸೂತ್ರದ ಪದವು ಮುಂದಿನ ಸೂತ್ರಕ್ಕೆ ಅನುವೃತ್ತಿಯಾಗಿ ಹರಿದು ಬರುವದು. ಕೈಮರದಲ್ಲಿ ಅನುವೃತ್ತಿಯಿಲ್ಲ. ಒಂದು ಗಾಡಿಗೆ ಕೊಟ್ಟ ಅಪ್ಪಣೆಯು ಆ ಗಾಡಿಯೊಡನೆಯೇ ಮುಗಿಯಿತು. ಹತ್ತು ನಿಮಿಷದ ಮೇಲೆ ಬರುವ ಮತ್ತೊಂದು ಗಾಡಿಯು ಹೊಸದಾಗಿ ಅಪ್ಪಣೆಯನ್ನು ಪಡೆಯಬೇಕು.

ಗಡಿಯಾರದ ಪದ್ಧತಿಯ ಅಂತ್ಯವಂತೂ ಇನ್ನೂ ಕರುಣಾಜನಕವಾದುದು. ೧೮೮೯ನೆಯ ಇಸವಿ ಜೂನ್ ೧೨ರಂದು ಐರ್ಲಂಡದ ಆರ್ಮಾ ಎಂಬ ಪಟ್ಟಣದ ಸಮೀಪದಲ್ಲಿ, ರವಿವಾರದ ಶಾಲೆಯ ಮಕ್ಕಳನ್ನು ವಿಹಾರಕ್ಕೆ ಒಯ್ಯುತ್ತಿದ್ದ ಗಾಡಿಯು ಏರನ್ನು ಹತ್ತಲಾರದೆ ನಿಂತಿತು. ಅದನ್ನು ಎರಡು ತುಂಡು ಮಾಡಿ ಮುಂದಿನರ್ಧವನ್ನು ಒಯ್ಯಬೇಕೆಂದಾಗ ಹಿಂದಿನರ್ಧವು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ಹತ್ತು ನಿಮಿಷದ ಅಂತರದಿಂದ ಬಿಟ್ಟ ಮತ್ತೊಂದು ಗಾಡಿಗೆ ತಾಕಿತು. ಸುಮಾರು ೮೦ ಜನರು, ಅವರಲ್ಲಿ ಅನೇಕರು ಮಕ್ಕಳು, ಪ್ರಾಣಬಿಟ್ಟರು. ಅದೇ ವರುಷವೇ ಬ್ರಿಟಿಶ್ ಪಾರ್ಲಿಮೆಂಟು ಕಾಯದೆ ಮಾಡಿ ಮೂರು ಸಂಗತಿಗಳನ್ನು ಕಡ್ಡಾಯ ಮಾಡಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಮೊದಲನೆಯದು, ಹಾದಿಯನ್ನು ಖಂಡಗಳಾಗಿ ವಿಭಾಗಿಸಿ ಒಂದು ಖಂಡದಲ್ಲಿ ಒಂದು ಕಾಲಕ್ಕೆ ಒಂದೇ ಗಾಡಿಯಿರಬೇಕು. ಎರಡನೆಯದು, ಕೈಮರವನ್ನೂ ಹಳಿ ತಿರುಗಿಸುವ ಪಾಯಿಂಟನ್ನೂ ಒಂದಕ್ಕೊಂದು ಬಿಗಿದು, ಪಾಯಿಂಟು ಸರಿಯಾಗದೆ ಕೈಮರ ಇಳಿಯದಂತೆ ಮಾಡಬೇಕು. ಮೂರನೆಯದು, ಪ್ರಯಾಣಿಕರ ಗಾಡಿಯ ಉದ್ದಕ್ಕೂ, ಡಬ್ಬಿಗಳು ಬೇರ್ಪಟ್ಟರೂ ತಾನಾಗಿಯೇ ಹಿಡಿಯುವ ಬ್ರೇಕು ಇರಬೇಕು. ಕಾಲದ ಅಂತರವು ಹೋಗಿ ಸ್ಥಳದ ಅಂತರವು ಬಂತು. ಭರತಖಂಡದಲ್ಲಿಯೂ ೧೮೯೦ರ ರೇಲ್ವೆ ಕಾಯದೆಯಾಯಿತು. ಅದರ ಅಡಿಯಲ್ಲಿ ಸಾಮಾನ್ಯ ನಿಯಮಗಳ ಪುಸ್ತಕವು ಸಿದ್ಧವಾಯಿತು. ಆ ನಿಯಮಗಳು ೧೯೭೬ರಲ್ಲಿ ಹೊಸದಾಗಿ ರಚಿತವಾದವು; ಹಳೆಯ ಕಾಯದೆಯ ಸ್ಥಾನದಲ್ಲಿ ೧೯೮೯ರ ಕಾಯದೆಯು ಬಂದಿತು.

ಇನ್ನು ಒಂಟಿಹಳಿಯ ವಿಚಾರ. ಇಲ್ಲಿ ಹಿಂದಿನ ಗಾಡಿಯ ಭಯಕ್ಕಿಂತ ಎದುರಿನ ಗಾಡಿಯ ಭಯ ದೊಡ್ಡದು. ೧೮೭೪ನೆಯ ಇಸವಿ ಸಪ್ಟಂಬರ ೧೦ರಂದು ಇಂಗ್ಲಂಡದ ಥಾರ್ಪ್ ಎಂಬಲ್ಲಿ, ತಂತಿಯ ಸುದ್ದಿಯಲ್ಲಿ ಉಂಟಾದ ತಪ್ಪಿನಿಂದ, ಒಂದೇ ಹಳಿಯ ಮೇಲೆ ಎರಡೂ ಕಡೆಯಿಂದ ಗಾಡಿಗಳು ಹೊರಟು ಇದಿರುಬದಿರಾಗಿ ಡಿಕ್ಕಿ ಹೊಡೆದವು. ಮಾತು ಮಾತ್ರವೇ ಸಾಲದು, ಕೈಯಲ್ಲಿ ಹಿಡಿಯಬಲ್ಲ ಒಂದು ವಸ್ತು ಬೇಕೆಂದು ಜನರಿಗೆ ಆಗ ಮನವರಿಕೆಯಾಯಿತು. ೧೮೭೮ರಲ್ಲಿ ಎಡ್ವರ್ಡ್ ಟಾಯರ್ ಎಂಬವನು ಒಂದು ಯಂತ್ರದ ಹಕ್ಕನ್ನು ಪಡೆದನು. ಎರಡು ಸ್ಟೇಶನ್ನುಗಳಲ್ಲಿ ಎರಡು ಪೆಟ್ಟಿಗೆಗಳು. ಅವು ವಿದ್ಯುತ್ತಂತಿಯಿಂದ ಕೂಡಿರುವವು. ಎರಡೂ ಪೆಟ್ಟಿಗೆಗಳನ್ನು ಕೂಡಿ ನೋಡಿದರೆ ಒಂದು ಕಾಲಕ್ಕೆ ಒಂದೇ ಬಿಲ್ಲೆ ಹೊರಗೆ ಬರುವದು. ಆ ಬಿಲ್ಲೆಯಿಲ್ಲದ ಗಾಡಿಯು ಆ ಖಂಡವನ್ನು ಪ್ರವೇಶಿಸಕೂಡದು. ನಮ್ಮ ದೇಶದಲ್ಲಿ ನೀಲ್ ಎಂಬವನ ಹೆಸರಿನ ಯಂತ್ರವು ಬಹಳವಾಗಿ ಬಳಕೆಗೆ ಬಂದಿತು. ಅದರಲ್ಲಿ ಬಿಲ್ಲೆಗೆ ಬದಲಾಗಿ ಉಕ್ಕಿನ ಗುಂಡು. ಒಂದು ಖಂಡದ ಗುಂಡು ನೆರೆಯ ಖಂಡದ ಯಂತ್ರದಲ್ಲಿ ಹಿಡಿಯದಂತೆ ಅದರ ಆಕಾರದಲ್ಲಿಯೇ ಭೇದವನ್ನು ಮಾಡಿದ್ದರು. ಗುಂಡನ್ನು ಚರ್ಮದ ಚೀಲದಲ್ಲಿಟ್ಟು ದೊಡ್ಡ ಬಳೆಗೆ ಕಟ್ಟಿ, ಓಡುವ ಇಂಜಿನಿನಲ್ಲಿದ್ದವನು ತೋಳಿನಿಂದ ಸಿಕ್ಕಿಸಿಕೊಳ್ಳುತ್ತಿದ್ದ ನೋಟವನ್ನು ಅರುವತ್ತು ದಾಟಿದ ವಾಚಕರು ಕಂಡಿರಲೇಬೇಕು. ಅದು ಕಸರತ್ತಾಗಿರಲಿಲ್ಲ, ಆ ಗುಂಡೇ ಲೈನ್‌ಕ್ಲಿಯರಿನ ಸಾಕ್ಷಾತ್ ಸ್ವರೂಪವಾಗಿತ್ತು.

ಆದರೆ ಯಂತ್ರವೊಂದೇ ಕಾಯಬಲ್ಲುದೆಂದು ತಿಳಿಯಬಾರದು. ೧೯೨೧ನೆಯ ಇಸವಿ ಜನೇವರಿ ೨೬ರಂದು ವೇಲ್ಸ್ ಪ್ರಾಂತದ ಆ್ಯಬರ್ಮ್ಯೂಲ್ ಎಂಬ ಚಿಕ್ಕ ಸ್ಟೇಶನ್ನಿಗೆ ಒಂದು ಗಾಡಿಯು ಬಂದು ನಿಂತಿತು. ತಾನು ತಂದ ಬಿಲ್ಲೆಯನ್ನು ಅದರ ಚಾಲಕನು ಒಪ್ಪಿಸಿದನು. ಕೈಯಿಂದ ಕೈಗೆ ದಾಟುತ್ತ ಅದೇ ಬಿಲ್ಲೆಯು ಮರಳಿ ಅವನ ಕೈಗೇ ಬಂದಿತು! ಅದರ ಮೇಲೆ ಬರೆದ ಸ್ಟೇಶನ್ನಿನ ಹೆಸರನ್ನು ಕೊಟ್ಟವನು ಓದಲಿಲ್ಲ, ತೆಗೆದುಕೊಂಡವನೂ ಓದಲಿಲ್ಲ. ಗಾಡಿಯು ಹೊರಟು, ಎದುರಿನಿಂದ ಸರಿಯಾದ ಬಿಲ್ಲೆಯನ್ನು ಹಿಡಿದು ಬರುತ್ತಿದ್ದ ಎಕ್ಸ್‌ಪ್ರೆಸ್ಸಿಗೆ ಬಡಿಯಿತು. ೧೭ ಜನರು ಸತ್ತರು. ಯಂತ್ರದಲ್ಲಿ ಕಿಂಚಿತ್ತೂ ದೋಷವಿರಲಿಲ್ಲ. ಅಕ್ಷರವನ್ನು ಬಲ್ಲವರು ಅಕ್ಷರವನ್ನು ನೋಡದೆ ಹೋದುದೇ ಅಲ್ಲಿಯ ದೋಷ.

ಈಗ ಗಾಡಿಯೊಂದು ಒಂಟಿಹಳಿಯ ಸ್ಟೇಶನ್ನಿಗೆ ಬಂದು ನಿಲ್ಲುವ ಕ್ರಮವನ್ನು, ಹಳೆಯ ಕೈಮರಗಳ ಕಾಲದಲ್ಲಿದ್ದ ಮೇರೆಗೆ, ಹೆಜ್ಜೆಹೆಜ್ಜೆಯಾಗಿ ನೋಡೋಣ. ಊರಿಗೆ ಅಗಸೆ, ಮನೆಗೆ ತಲೆಬಾಗಿಲು, ಹಿಂದೆ ಹಿತ್ತಲಬಾಗಿಲು ಇರುವಂತೆ ಸ್ಟೇಶನ್ನಿಗೆ ಮೂರು ಕೈಮರಗಳು. ಅಗಸೆಯ ಸ್ಥಾನದಲ್ಲಿ ಔಟರ್, ತಲೆಬಾಗಿಲಿನ ಸ್ಥಾನದಲ್ಲಿ ಹೋಮ್, ಹೊರಡುವ ಕಡೆಯಲ್ಲಿ ಸ್ಟಾರ್ಟರ್. ಇವುಗಳ ತೋಳು ಕೆಂಪು, ತುದಿ ಚೌಕ, ನಡುವೆ ಬಿಳಿಯ ಪಟ್ಟಿ. ಔಟರಿನ ಕಂಬದಲ್ಲಿಯೇ ಅದರ ಕೆಳಗೆ ಮೀನಿನ ಬಾಲದಂತೆ ಸೀಳಿದ ತುದಿಯುಳ್ಳ ಇನ್ನೊಂದು ತೋಳನ್ನು ಕೆಲವೆಡೆ ಇಡುತ್ತಿದ್ದರು; ಅದರ ಹೆಸರು ವಾರ್ನರ್. ಮೇಲಿನ ತೋಳು ಇಳಿದು ಮೀನುಬಾಲದ ತೋಳು ಅಡ್ಡವಾಗಿಯೇ ಇದ್ದರೆ ‘ಒಳಗೆ ಬಾ, ಆದರೆ ಮುಂದಿನ ಕೈಮರದಲ್ಲಿ ನಿಲ್ಲುವ ಸಿದ್ಧತೆಯಿಂದ ಬಾ’ ಎಂದರ್ಥ. ಎರಡೂ ಇಳಿದಿದ್ದರೆ ಸ್ಟೇಶನ್ನನ್ನು ದಾಟಿ ಮುಂದಿನ ಖಂಡದವರೆಗೂ ಹಾದಿ ತೆರವೆಂದರ್ಥ. ಹೀಗೆ, ನಿಲ್ಲಬೇಕೋ ದಾಟಬೇಕೋ ಎಂಬದು ಚಾಲಕನಿಗೆ ಪ್ಲ್ಯಾಟ್‌ಫಾರ್ಮು ಕಣ್ಣಿಗೆ ಬೀಳುವ ಮೊದಲೇ ತಿಳಿಯುತ್ತಿತ್ತು.

ಗಾಡಿಯು ಹಿಂದಿನ ಸ್ಟೇಶನ್ನನ್ನು ಬಿಡುವ ಮೊದಲೇ ಅಲ್ಲಿಯ ಮಾಸ್ತರನು ಮುಂದಿನ ಮಾಸ್ತರನನ್ನು ಕೇಳಿ ಲೈನ್‌ಕ್ಲಿಯರನ್ನು ಪಡೆಯಬೇಕು. ಕೊಡುವವನು ಸುಮ್ಮನೆ ಕೊಡುವಂತಿಲ್ಲ. ಹಿಂದಿನ ಗಾಡಿಯು ಪೂರ್ತಿಯಾಗಿ ಬಂದಿರಬೇಕು. ಅದರ ಹಿಂದೆ ಕೈಮರಗಳು ಮರಳಿ ಅಪಾಯಕ್ಕೆ ಬಂದಿರಬೇಕು. ತನ್ನ ಮೊದಲನೆಯ ತಡೆಗೈಮರದಿಂದ ಒಳಗೆ ಇಂತಿಷ್ಟು ದೂರ ಹಳಿ ಬರಿದಾಗಿರಬೇಕು. ಆ ದೂರವು ಹಿಂದೆ ಕಾಲು ಮೈಲಾಗಿತ್ತು; ಈಗಿನ ನಿಯಮಗಳಲ್ಲಿ ಹಳೆಯ ಬಗೆಯ ಎರಡು ಸೂಚನೆಯ ಸಿಗ್ನಲ್ಲುಗಳಿದ್ದಲ್ಲಿ ೪೦೦ ಮೀಟರು, ಅನೇಕ ಸೂಚನೆಗಳ ಸಿಗ್ನಲ್ಲುಗಳಿದ್ದಲ್ಲಿ ೧೮೦ ಮೀಟರು. ಚಾಲಕನು ನಿಲ್ಲಬೇಕಾದಲ್ಲಿ ನಿಲ್ಲಲಾರದೆ ಸ್ವಲ್ಪ ಮುಂದೆ ಜಾರಿದರೂ ಯಾರಿಗೂ ತಾಕದಿರಲಿ ಎಂಬದೇ ಈ ಬರಿದು ಹಳಿಯ ಅಭಿಪ್ರಾಯ. ಪ್ಲ್ಯಾಟ್‌ಫಾರ್ಮಿನಲ್ಲಿ ಗಾಡಿ ನಿಲ್ಲುವ ಸ್ಥಳದ ಮುಂದೆಯೂ ಇದೇ ಬಗೆಯ ಎಡೆಯಿರತಕ್ಕದ್ದು: ಎರಡು ಸೂಚನೆಯ ಸಿಗ್ನಲ್ಲುಗಳಲ್ಲಿ ೧೮೦ ಮೀಟರು, ಅನೇಕ ಸೂಚನೆಯವುಗಳಲ್ಲಿ ೧೨೦ ಮೀಟರು. ಅಷ್ಟು ಎಡೆಯಿಲ್ಲದಿದ್ದರೆ ಬರುವ ಗಾಡಿಯನ್ನು ಮೊದಲು ಹೋಮಿನ ಹೊರಗೆ ಪೂರ್ತಿಯಾಗಿ ನಿಲ್ಲಿಸಿ, ಆ ಮೇಲೆಯೇ ಕೈಮರವನ್ನು ಇಳಿಸಬೇಕು. ಮನುಷ್ಯನು ತಪ್ಪುವನೆಂದು ಮೊದಲೇ ಎಣಿಸಿ, ಆ ತಪ್ಪಿಗೆ ನೆಲವನ್ನು ಮೀಸಲಿಟ್ಟ ಈ ನಿಯಮದಲ್ಲಿರುವ ಔದಾರ್ಯವನ್ನು ನೋಡಿದರೆ ಆಶ್ಚರ್ಯವಾಗುವದು.

ಎರಡು ಗಾಡಿಗಳು ಎರಡೂ ಕಡೆಯಿಂದ ಏಕಕಾಲಕ್ಕೆ ಸಮೀಪಿಸಿದರೆ? ವಿಶೇಷವಾದ ಏರ್ಪಾಟಿಲ್ಲದಲ್ಲಿ ಒಂದಕ್ಕೆ ಮಾತ್ರ ಕೈಮರ ಇಳಿಯಬೇಕು. ಅದು ಬಂದು ನಿಂತು, ಅದಕ್ಕೆ ಇಳಿಸಿದ ಕೈಮರವು ಮತ್ತೆ ಅಪಾಯಕ್ಕೆ ಏರುವವರೆಗೆ ಇನ್ನೊಂದು ಗಾಡಿಯು ಹೊರಗೆ ಕಾಯಬೇಕು. ನಿಂತ ಗಾಡಿಯಾದರೂ ಎಲ್ಲಿಯಾದರೂ ನಿಲ್ಲುವಂತಿಲ್ಲ. ಎರಡು ಹಳಿಗಳು ಕೂಡುವಲ್ಲಿ ಒಂದು ಗುರುತು ನೆಟ್ಟಿರುವದು. ಇದಕ್ಕೆ ಫೌಲಿಂಗ್ ಮಾರ್ಕ ಎನ್ನುವರು. ಕೊನೆಯ ಡಬ್ಬಿಯು ಆ ಗುರುತಿನ ಒಳಗೆ ಬಂದಿತೋ ಇಲ್ಲವೋ ಎಂಬದನ್ನು ಗಾರ್ಡನು ನೋಡತಕ್ಕದ್ದು. ಬಾಲವು ಹೊರಗುಳಿದರೆ ಪಕ್ಕದ ಹಳಿಯಲ್ಲಿ ಬರುವ ಗಾಡಿಯು ಅದನ್ನು ಸವರಿಕೊಂಡು ಹೋಗುವದು. ಕೊನೆಯ ಡಬ್ಬಿಯ ಬೆನ್ನಿಗೆ ಹಗಲು ಫಲಕವನ್ನೋ ಇತರ ಗುರುತನ್ನೋ, ರಾತ್ರಿ ಕೆಂಪು ದೀಪವನ್ನೋ ಇಡುವದು ಅಲಂಕಾರಕ್ಕಲ್ಲ. ಅದನ್ನು ಕಣ್ಣಾರೆ ಕಂಡ ಮೇಲೆಯೇ ಗಾಡಿಯು ತುಂಡಾಗದೆ ಪೂರ್ತಿ ಬಂದಿತೆಂದು ಮಾಸ್ತರನು ಹಿಂದಿನ ಸ್ಟೇಶನ್ನಿಗೆ ತಿಳಿಸುವನು. ಇನ್ನು ಹೊರಡುವಾಗ ಗಾರ್ಡನ ಹಸುರು ನಿಶಾನೆಯೊಂದೇ ಸಾಲದು. ಮುಂದಿನ ಖಂಡದ ಅಧಿಕಾರಪತ್ರವೋ ಗುಂಡೋ ಸಿಗ್ನಲ್ಲೋ ಚಾಲಕನಿಗೆ ದೊರೆತಿರಬೇಕು. ಅದರಂತೆ ಮುಂದಿನ ಕೈಮರವು ಇಳಿದಿದ್ದರೂ, ವೇಳಾಪತ್ರಿಕೆಯ ಮೇರೆಗೆ ನಿಲ್ಲತಕ್ಕ ಸ್ಟೇಶನ್ನಿನಲ್ಲಿ ಚಾಲಕನು ನಿಲ್ಲಲೇಬೇಕು. ಕೈಮರವು ಹಾದಿಯ ಅಪ್ಪಣೆಯೇ ಹೊರತು ನಿಲುಗಡೆಯ ವಿನಾಯಿತಿಯಲ್ಲ.

ಎಲ್ಲ ನಿಲ್ದಾಣಗಳೂ ಒಂದೇ ಬಗೆಯವಲ್ಲ. ನಿಯಮಪುಸ್ತಕವು ಅವನ್ನು ಎ, ಬಿ, ಸಿ, ಡಿ ಎಂದು ವರ್ಗೀಕರಿಸಿದೆ. ಹೆಚ್ಚಿನವು ಬಿ ವರ್ಗದವು. ಅಲ್ಲಿ ಪ್ಲ್ಯಾಟ್‌ಫಾರ್ಮಿನ ಹಳಿಯು ಇನ್ನೂ ಬರಿದಾಗದಿದ್ದರೂ ಗಾಡಿಯನ್ನು ಸ್ಟೇಶನ್ನಿನ ಹೊರಬಾಗಿಲಿನವರೆಗೆ ಕರೆಯಬಹುದು. ಡಿ ವರ್ಗದವು ಬರಿಯ ನಿಲುಗಡೆಗಳು. ಅಲ್ಲಿ ಲೈನ್‌ಕ್ಲಿಯರನ್ನು ಕೊಡುವವನಿಲ್ಲ. ಹಳ್ಳಿಯ ಜನರು ಇಳಿಯುತ್ತಾರೆ, ಹತ್ತುತ್ತಾರೆ. ಗಾಡಿಯು ಎರಡು ದೊಡ್ಡ ಸ್ಟೇಶನ್ನುಗಳ ನಡುವಣ ಖಂಡದಲ್ಲಿಯೇ ಇದೆ. ಹೊರಗೆ ನೋಡಿದರೆ ಎರಡೂ ಪ್ಲ್ಯಾಟ್‌ಫಾರ್ಮುಗಳೇ. ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಒಂದು ಮನೆ, ಇನ್ನೊಂದು ಹಾದಿಯ ನೆರಳು.

ಕಾಲಕ್ರಮದಲ್ಲಿ ತಂತಿ ಎಳೆದು ಇಳಿಸುವ ಕೈಮರಗಳು ಮರೆಯಾಗುತ್ತ ಬಂದು ವಿದ್ಯುದ್ದೀಪದ ಸಿಗ್ನಲ್ಲುಗಳು ಅವುಗಳ ಸ್ಥಾನಕ್ಕೆ ಬಂದವು. ಕೆಂಪು, ಹಳದಿ, ಜೋಡಿಹಳದಿ, ಹಸುರು ಎಂಬ ನಾಲ್ಕು ಬಣ್ಣದ ಭಾಷೆಯಲ್ಲಿ ಚಾಲಕನಿಗೆ ಮುಂದಿನ ಎರಡು ಸಿಗ್ನಲ್ಲುಗಳ ಸುದ್ದಿಯು ಮೊದಲೇ ತಿಳಿಯುವದು. ಪಾಯಿಂಟು ಕೈಮರಗಳನ್ನು ಬಿಗಿಯುವ ಕಬ್ಬಿಣದ ಸಲಾಕೆಗಳ ಕೆಲಸವನ್ನು ಮೊದಲು ವಿದ್ಯುತ್ತು, ಅನಂತರ ಗಣಕಯಂತ್ರವು ವಹಿಸಿಕೊಂಡವು. ನಮ್ಮ ಹುಬ್ಬಳ್ಳಿಯಲ್ಲಿ ೧೫೦೭ ಮೀಟರು ಉದ್ದದ, ಜಗತ್ತಿನಲ್ಲಿಯೇ ಅತಿ ಉದ್ದವಾದ ಪ್ಲ್ಯಾಟ್‌ಫಾರ್ಮು ೨೦೨೩ನೆಯ ಇಸವಿ ಮಾರ್ಚ ೧೨ರಂದು ಲೋಕಾರ್ಪಣೆಯಾಯಿತು. ಅಭಿಮಾನಪಡತಕ್ಕ ಸಂಗತಿಯೇ ಸರಿ. ಆದರೆ ಪ್ಲ್ಯಾಟ್‌ಫಾರ್ಮು ಎಷ್ಟು ಉದ್ದವಾದರೂ ಗಾಡಿಯನ್ನು ನಿಲ್ಲಿಸುವದು ಕಲ್ಲಿನ ಕಟ್ಟೆಯಲ್ಲ, ಸಂಕೇತ.

ಸಂಕೇತವೆಂಬ ಈ ಶಬ್ದವನ್ನು ನಮ್ಮ ಶಾಸ್ತ್ರಕಾರರು ಬೇರೊಂದು ಅರ್ಥದಲ್ಲಿಯೂ ಬಳಸಿರುವರು. ಇಂಥ ಶಬ್ದಕ್ಕೆ ಇಂಥ ಅರ್ಥವೆಂಬ ನಿಶ್ಚಯವೇ ಸಂಕೇತ. ಅದು ಸಡಿಲವಾದರೆ ಲೋಕವ್ಯವಹಾರವೇ ನಿಲ್ಲುವದು. ಹಸುರು ದೀಪವೊಂದು ಶಬ್ದ. ಮುಂದ ಹಳಿ ಬರಿದಿರುವದು ಅದರ ಅರ್ಥ. ಇವೆರಡರ ಸಂಬಂಧವು ಎರಡು ಬಗೆಯಿಂದ ಕೆಡಬಹುದು. ಎರಡಕ್ಕೂ ನಮ್ಮ ಕಾಲದಲ್ಲಿಯೇ ಉದಾಹರಣೆಗಳಿವೆ.

ಒಂದನೆಯದು, ಶಬ್ದವು ಸತ್ಯವನ್ನೇ ನುಡಿದರೂ ಕೇಳುವವನು ಕೇಳದಿರುವದು. ೨೦೧೨ನೆಯ ಇಸವಿ ಮೇ ೨೨ರ ಬೆಳಗುಜಾವದಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್ಸು ಆಂಧ್ರದ ಪೆನುಕೊಂಡ ಸ್ಟೇಶನ್ನಿನಲ್ಲಿ ಕೆಂಪು ದೀಪವನ್ನು ದಾಟಿ, ನಿಂತಿದ್ದ ಸರಕಿನ ಗಾಡಿಗೆ ಬಡಿಯಿತು. ಇಪ್ಪತ್ತಕ್ಕೂ ಹೆಚ್ಚು ಜನರು ಮಡಿದರು. ಹಂಪಿ ಎಕ್ಸ್‌ಪ್ರೆಸ್ಸೆಂದರೆ ನಮ್ಮ ಕಡೆಯ ಬಡವರು ಬೆಂಗಳೂರಿಗೆ ದುಡಿಯಲು ಹೋಗುವ ಗಾಡಿ. ಆ ದಿನ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಸೂತಕವಾಯಿತು. ಎರಡನೆಯದು, ಕೇಳುವವನು ಎಚ್ಚರವಾಗಿದ್ದರೂ ಶಬ್ದವೇ ಸುಳ್ಳಾಗುವದು. ೨೦೨೩ನೆಯ ಇಸವಿ ಜೂನ್ ೨ರಂದು ಓರಿಸ್ಸಾ ಪ್ರಾಂತದ ಬಹನಾಗಾ ಬಜಾರ್ ಸ್ಟೇಶನ್ನಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮುಖ್ಯ ಹಳಿಯ ಹಸುರು ಸಿಗ್ನಲ್ಲು ದೊರೆತಿತ್ತು. ಪಾಯಿಂಟು ಮಾತ್ರ ಸರಕಿನ ಗಾಡಿಯು ನಿಂತಿದ್ದ ಪಕ್ಕದ ಹಳಿಗೆ ತಿರುಗಿತ್ತು. ಚಾಲಕನು ಸಂಕೇತವನ್ನು ನಂಬಿ ಬಂದನು. ಉರುಳಿದ ಡಬ್ಬಿಗಳು ಬೆಂಗಳೂರಿನಿಂದ ಹೊರಟು ಹಾವಡಾಕ್ಕೆ ಹೋಗುತ್ತಿದ್ದ ಗಾಡಿಗೂ ತಾಕಿದವು; ೨೯೦ಕ್ಕಿಂತ ಹೆಚ್ಚು ಜನರು ಪ್ರಾಣಬಿಟ್ಟರು. ಸಿಗ್ನಲ್ಲಿನ ತಂತಿಗಳ ಜೋಡಣೆಯನ್ನು ದುರಸ್ತಿಯ ಕಾಲದಲ್ಲಿ ತಪ್ಪಾಗಿ ಮಾಡಿದ್ದೇ ಕಾರಣವೆಂದು ವಿಚಾರಣೆಯಲ್ಲಿ ಕಂಡುಬಂದಿತು. ೧೮೮೯ರಲ್ಲಿ ಕಾಯದೆಯು ಕೈಮರವನ್ನೂ ಪಾಯಿಂಟನ್ನೂ ಯಾವ ಕಾರಣಕ್ಕಾಗಿ ಒಂದಕ್ಕೊಂದು ಬಿಗಿಸಿತೋ ಆ ಗಂಟೇ ಅಲ್ಲಿ ಬಿಚ್ಚಿತ್ತು.

ಮೊದಲನೆಯ ದೋಷಕ್ಕೆ ಔಷಧವಾಗಿ ಕವಚವೆಂಬ ಸ್ವದೇಶೀ ಏರ್ಪಾಟು ಬಂದಿದೆ. ಹಳಿಯಲ್ಲಿ ಕೂಡಿಸಿದ ಗುರುತುಗಳಿಂದಲೂ ರೇಡಿಯೋದಿಂದಲೂ ಸುದ್ದಿಯನ್ನು ಪಡೆದು, ಚಾಲಕನು ಕೆಂಪು ದೀಪವನ್ನು ಲಕ್ಷಿಸದಿದ್ದರೆ ಅದು ತಾನೇ ಬ್ರೇಕು ಹಾಕುವದು. ದಕ್ಷಿಣ ಮಧ್ಯ ರೇಲ್ವೆಯ ಹಾದಿಗಳಲ್ಲಿ ಮೊದಲು ನೆಲೆಗೊಂಡ ಈ ಏರ್ಪಾಟು ಹಂತಹಂತವಾಗಿ ಹಬ್ಬುತ್ತಲಿದೆ. ಎರಡನೆಯ ದೋಷಕ್ಕೆ ಹಳೆಯ ಔಷಧವೇ ಔಷಧ: ದುರಸ್ತಿಯ ಬಳಿಕ ಪರೀಕ್ಷಿಸದೆ ಅಪ್ಪಣೆಯನ್ನು ಕೊಡಕೂಡದು, ಬಿಲ್ಲೆಯ ಮೇಲಿನ ಅಕ್ಷರವನ್ನು ಪ್ರತಿಸಲವೂ ಓದತಕ್ಕದ್ದು.

ಧಾರವಾಡದಿಂದ ಬೆಳಗಾವಿಗೆ ಹೋಗುವ ಗಾಡಿಯು ಇಂದಿಗೂ ಅಳ್ನಾವರ ಲೋಂಡಾಗಳನ್ನು ಬಳಸಿಕೊಂಡೇ ಹೋಗುವದು. ಕಿತ್ತೂರಿನ ಮೇಲೆ ಹಾಯುವ ಸುಮಾರು ೭೩ ಕಿಲೋಮೀಟರಿನ ನೇರಹಾದಿಗೆ ೨೦೨೦ರಲ್ಲಿ ಒಪ್ಪಿಗೆ ದೊರೆಯಿತು. ಗಾಡಿಯು ಇನ್ನೂ ಓಡಬೇಕಾಗಿದೆ. ಲೋಕಾಪುರದಿಂದ ರಾಮದುರ್ಗ ಸವದತ್ತಿಗಳ ಮೇಲೆ ಧಾರವಾಡಕ್ಕೆ ಹಾದಿಯಾಗಬೇಕೆಂಬ ಬೇಡಿಕೆಯೂ ಬಹುಕಾಲದ್ದು. ಎಂದಾದರೂ ಒಂದು ದಿನ ಗುಡ್ಡದ ಯಾತ್ರಿಕರು ನಮ್ಮ ಸಮೀಪದಲ್ಲಿಯೇ ಇಳಿದಾರು. ಆಗ ಬರುವ ಸಂಕಟವನ್ನು ಈಗಲೇ ಹೇಳಿಡುವದು ಒಳ್ಳೆಯದು. ಜಾತ್ರೆಯ ಗಾಡಿಯು ಸಿಗ್ನಲ್ಲಿನ ಹೊರಗೆ ನಿಂತೊಡನೆ ಜನರು ಬೇಸರಪಟ್ಟು, ಊರು ಕಾಣುತ್ತಿದೆಯಲ್ಲವೆಂದು ಮಕ್ಕಳು ಮರಿಗಳೊಡನೆ ಹಳಿಯ ಮೇಲೆ ಇಳಿದು ನಡೆಯುವರು. ಪಕ್ಕದ ಹಳಿಯಲ್ಲಿ ಬರುವ ಗಾಡಿಗೆ ಸಿಕ್ಕು ಸಾಯುವರು. ದೇಶದಲ್ಲಿ ಇಂಥ ಮರಣಗಳು ಅಪೂರ್ವವಲ್ಲ. ಗಾಡಿಯು ಹೊರಗೆ ನಿಂತಿದೆಯೆಂದರೆ ಒಳಗೆ ಇನ್ನೊಂದು ಗಾಡಿಯಿದೆ, ಅದರಲ್ಲಿಯೂ ನಮ್ಮಂಥ ಜನರಿದ್ದಾರೆ ಎಂದು ಮನೆಯ ಹಿರಿಯರು ಕಿರಿಯರಿಗೆ ತಿಳಿಸಿಕೊಡಬೇಕು.

ಪರರ ಮನೆಗೆ ಹೋದವನು ತಲೆಬಾಗಿಲಿನ ಹೊರಗೆ ನಿಂತು ಕೂಗಿ, ಒಳಗಿನಿಂದ ‘ಬರ್ರಿ’ ಎಂಬ ಮಾತು ಬಂದ ಮೇಲೆಯೇ ಹೊಸ್ತಿಲು ದಾಟುವನು. ಕೈಮರದ ಕಟ್ಟಳೆಯೂ ಇಷ್ಟೇ. ಈ ಮರ್ಯಾದೆಯನ್ನು ಕಲಿಯಲಿಕ್ಕೆ ರೇಲು ಆ್ಯಬಟ್ಸ್ ರಿಪ್ಟನ್, ಆರ್ಮಾಗಳ ಬೆಲೆಯನ್ನು ಕೊಡಬೇಕಾಯಿತು. ಮರೆತಾಗ ಪೆನುಕೊಂಡ ಬಹನಾಗಾಗಳ ಬೆಲೆಯನ್ನು ತೆರಬೇಕಾಯಿತು. ನಮ್ಮ ಸೀಮೆಗೆ ಹಳಿ ಬರುವ ಮುನ್ನ ಈ ಅರಿವು ಬಂದಿರಲೆಂದು ಹಾರೈಸುತ್ತ ವಾಚಕರ ಅಪ್ಪಣೆಯನ್ನು ಪಡೆಯುವೆನು.